ಗಾಜಿನ ಹಂಚಿನ ಬೆಳಕು ಮತ್ತು ನಾಲ್ಕು ಕಟ್ಟು ಬೀಡಿ

ಮಂಗಳೂರಿನ ಹತ್ತಿರದ ಗುರುಪುರದ ಸಮೀಪ ಬೀಡಿ ಕಟ್ಟುವ ಅಕ್ಕನೊಬ್ಬರ ಮನೆಗೆ ನಾನು ಕ್ಯಾಮೆರಾ ಹಿಡಿದು ಮೊದಲ ಸಲ ಹೋದಾಗ ನನ್ನ ಕಣ್ಣೆಲ್ಲ ಅಲ್ಲಿನ ಬೆಳಕಿನ ಮೇಲೆಯೇ ಇತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕಡೆ ಹಬ್ಬಿದ ಆ ಕೆಂಪು ಮಾಡುಗಳ ನಡುವೆ ಒಂದೋ ಎರಡೋ ಗಾಜಿನ ಹಂಚು ಕೂರಿಸುವ ರೂಢಿ ಇಂದಿಗೂ ಇದೆ. ಅಂಥ ಒಂದು ಹಂಚಿನಿಂದ ಇಳಿದ ಬಿಸಿಲಿನ ಕೋಲು ಅವರ ಮಡಿಲಿನ ತಡ್ಪೆಯ (ಮೊರದ) ಮೇಲೆ ಬಿದ್ದಿತ್ತು. ಹೊಗೆಸೊಪ್ಪಿನ ಧೂಳು ಅದರೊಳಗೆ ತೇಲುತ್ತಿತ್ತು.

ಕೋಣೆಯ ಉಳಿದ ಭಾಗ ಕತ್ತಲು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದರೆ ಚಿತ್ರ ಒರಟಾಗುವುದೆಂಬ ಹೆದರಿಕೆಯಿಂದ ಅದನ್ನು 400ರಲ್ಲೇ ಇಟ್ಟು, ಶಟರ್ ವೇಗವನ್ನು 1/8 ಸೆಕೆಂಡಿಗೆ ಇಳಿಸಿ, ಅಷ್ಟು ಹೊತ್ತಿನಲ್ಲಿ ಅಲ್ಲಾಡಿದರೆ ಚಿತ್ರ ಮಸುಕಾಗುವುದರಿಂದ, "ಅಕ್ಕಾ, ಸ್ವಲ್ಪ ಅಲ್ಲಾಡದೆ ಕೂತುಕೊಳ್ಳಿ" ಎಂದು ಮತ್ತೆ ಮತ್ತೆ ಹೇಳಿದೆ. ಅವರು ಹೇಳಿದ ಹಾಗೆ ಕೂತರು. ಆ ಚಿತ್ರ ನಗರದ ಒಂದು ಪ್ರದರ್ಶನದಲ್ಲಿ ಮೆಚ್ಚುಗೆ ಪಡೆಯಿತು.

ಚಿತ್ರದ ಒಂದು ಪ್ರತಿಯನ್ನು ಕೊಡಲು ಹೋದಾಗ ಅವರು ಅದನ್ನು ಬಾಗಿಲ ಬಳಿ ಹಿಡಿದು ನೋಡಿ, "ಚಂದ ಬಂದಿದೆ ಮಾರಾಯ್ರೆ. ಆದರೆ ಆ ದಿನ ನನಗೆ ನಾಲ್ಕು ಕಟ್ಟು ಕಡಿಮೆ ಬಿತ್ತು" ಎಂದರು. ದೂರುವ ದನಿಯಲ್ಲ, ಬರಿಯ ಲೆಕ್ಕ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ, ಕೂಲಿ ಸಿಗುವುದು ಸಾವಿರದ ಲೆಕ್ಕದಲ್ಲಿ. ನೂರು ಬೀಡಿಯ ಕೂಲಿಯನ್ನು ನನ್ನ ಚಿತ್ರ ತಿಂದಿತ್ತು. ಅದಕ್ಕಿಂತ ಹೆಚ್ಚಾಗಿ, ಕೆಲಸ ಮಾಡುವವರ ಚಿತ್ರವೆಂದು ನಾನು ತೋರಿಸಿದ್ದು ಕೆಲಸ ನಿಲ್ಲಿಸಿ ಕೂತವರ ಚಿತ್ರವಾಗಿತ್ತು.

ಎರಡನೆಯ ಸಲ ಒಂದು ನಿಯಮ ಮಾಡಿಕೊಂಡೆ: ನಿಲ್ಲಿಸಿ ಎನ್ನಬಾರದು, ಇತ್ತ ನೋಡಿ ಎಂದೂ ಹೇಳಬಾರದು. 35 ಮಿಮೀ ಲೆನ್ಸ್ ಹಾಕಿ, ಅವರ ಎತ್ತರಕ್ಕೆ ನೆಲದಲ್ಲೇ ಕೂತು, ಐಎಸ್‌ಒವನ್ನು ಧೈರ್ಯವಾಗಿ 3200ಕ್ಕೆ ಏರಿಸಿದೆ. ನೆನೆಸಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸುವುದು, ಹುಡಿ ತುಂಬಿ ಸುರುಳಿ ಸುತ್ತುವುದು, ಬಾಯಿ ಮಡಚಿ ನೂಲು ಕಟ್ಟುವುದು, ಇವೆಲ್ಲ ಎಷ್ಟು ಚುರುಕಾಗಿ ನಡೆಯುತ್ತವೆಂದರೆ 1/125 ಸೆಕೆಂಡಿನಲ್ಲಿ ಹಿಡಿದ ಬೆರಳುಗಳು ಶಿಲ್ಪದ ಹಾಗೆ ಹೆಪ್ಪುಗಟ್ಟಿ ಮತ್ತೆ ಸುಳ್ಳು ಹೇಳಿದವು. 1/15ಕ್ಕೆ ಇಳಿಸಿದಾಗ ಮುಖ ಸ್ಪಷ್ಟವಾಗಿ ಉಳಿದು ಬೆರಳುಗಳು ಮಾತ್ರ ಮಸುಕಾದವು. ತಾಂತ್ರಿಕವಾಗಿ ದೋಷವೆನ್ನಿಸುವ ಆ ಮಸುಕೇ ನನಗೆ ಬೇಕಾಗಿತ್ತು. ಕಪ್ಪುಬಿಳುಪಿನ ವ್ಯಾಮೋಹವನ್ನೂ ಅಲ್ಲಿಯೇ ಬಿಟ್ಟೆ, ಏಕೆಂದರೆ ಬಣ್ಣ ತೆಗೆದರೆ ಹೊಗೆಸೊಪ್ಪಿನಿಂದ ಕಂದಿದ ಉಗುರು ಯಾರ ಉಗುರಾದರೂ ಆಗಿಬಿಡುತ್ತದೆ. (ಬಡತನವನ್ನು ಕಪ್ಪುಬಿಳುಪಿನಲ್ಲಿ ತೋರಿಸಿದರೆ ಕಲೆಯಾಗುತ್ತದೆಂದು ನಮಗೆ ಹೇಳಿಕೊಟ್ಟವರು ಯಾರೋ!)

ಬೀಡಿ ಆರೋಗ್ಯಕ್ಕೆ ಹಾನಿಕರವೆಂಬುದರಲ್ಲಿ ಎರಡು ಮಾತಿಲ್ಲ, ಅದನ್ನು ಮರೆಮಾಚುವ ಉದ್ದೇಶವೂ ನನಗಿರಲಿಲ್ಲ. 2016ರಿಂದ ತಂಬಾಕಿನ ಪೊಟ್ಟಣದ ಮುಖ್ಯ ಭಾಗದ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಮತ್ತು ಬರಹ ಇರಬೇಕೆಂಬ ನಿಯಮವಿದೆ, ಅಂದರೆ ಬೀಡಿಯ ಕುರಿತು ದೇಶದಲ್ಲಿ ಅತಿ ಹೆಚ್ಚು ಜನ ನೋಡುವ ಛಾಯಾಚಿತ್ರ ಸೇದುವವನ ಕಾಯಿಲೆಯದ್ದು. ದಿನವಿಡೀ ಅದೇ ಹುಡಿಯ ಧೂಳನ್ನು ಉಸಿರಾಡುತ್ತಾ ಕಟ್ಟುವವಳಿಗೆ ಆ ಪೊಟ್ಟಣದಲ್ಲಿ ಜಾಗವಿಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯ್ದೆಯು ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಗುರುತಿಸಿತ್ತಾದರೂ, "ಮನೆಯಲ್ಲೇ ಇದ್ದಾಳೆ, ಬಿಡುವಿನಲ್ಲಿ ಎರಡು ಬೀಡಿ ಕಟ್ಟುತ್ತಾಳೆ" ಎನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಹೋಗಿಲ್ಲ. ಹಾಗಾಗಿ ಅನ್ನದ ಗಂಜಿ ಬಸಿಯುವ ಹೊತ್ತಿನಲ್ಲೂ ಅಕ್ಕ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕತ್ತರಿಯನ್ನು ನಾನು ಬೇಕೆಂದೇ ಚೌಕಟ್ಟಿನೊಳಗೆ ಉಳಿಸಿಕೊಂಡೆ.

ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ಪಡೆಯುವ ಬೀಡಿ ಬ್ರಾಂಚಿನೊಳಗೆ ಮಾತ್ರ ಕ್ಯಾಮೆರಾಕ್ಕೆ ಪ್ರವೇಶ ಸಿಗಲಿಲ್ಲ. ಸರಿಯಿಲ್ಲವೆಂದು ತೆಗೆದುಹಾಕುವ ಬೀಡಿಗಳ ಲೆಕ್ಕ ನಡೆಯುವುದು ಅಲ್ಲಿ. ನನ್ನ ಸರಣಿಯಲ್ಲಿ ಆ ಭಾಗ ಇಂದಿಗೂ ಖಾಲಿ ಇದೆ.

ಹೊಸ ಚಿತ್ರಗಳನ್ನು ನಗರಕ್ಕಿಂತ ಮೊದಲು ಅಕ್ಕನ ಮನೆಯ ಜಗಲಿಯಲ್ಲೇ ಹರಡಿದೆ. ಅವರು ಒಂದೊಂದನ್ನೂ ನೋಡಿ, ಒಂದರಲ್ಲಿ ತಡ್ಪೆಯ ಮೇಲಿನ ಕಟ್ಟುಗಳನ್ನು ಎಣಿಸಿ, ಎಲ್ಲವನ್ನೂ ಬದಿಗಿಟ್ಟು, ಪಿಂಚಣಿ ಅರ್ಜಿಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕಿತ್ತೆಂದರು. ಅಂಗಳದ ಹಗ್ಗದಲ್ಲಿ ಒಣಗುತ್ತಿದ್ದ ಬಿಳಿ ಪಂಚೆಯ ಮುಂದೆ ಅವರನ್ನು ನಿಲ್ಲಿಸಿದೆ. ಅಂದು ಮಾತ್ರ ನಾನು "ಅಲ್ಲಾಡಬೇಡಿ" ಎಂದೆ.