ಗಪ್ಪಿ, ಮೋಲಿ, ಪ್ಲಾಟಿ: ಬೆಂಗಳೂರಿನ ನೀರಿನಲ್ಲಿ ಮರಿ ಉಳಿಸಿಕೊಳ್ಳುವ ಬಗೆ

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೀನುಗಳು ಮೊಟ್ಟೆ ಇಡುವುದಿಲ್ಲ. ಹೊಟ್ಟೆಯೊಳಗೇ ಬೆಳೆದು, ಹುಟ್ಟಿದ ಕೂಡಲೇ ಈಜಬಲ್ಲ ಮರಿ ಹಾಕುತ್ತವೆ. ಗಂಡು ಹೆಣ್ಣು ಒಂದೇ ಟ್ಯಾಂಕಿನಲ್ಲಿದ್ದರೆ ಮರಿ ಆಗಿಯೇ ಆಗುತ್ತದೆ, ಅದಕ್ಕೆ ನಾವು ಏನೂ ಮಾಡಬೇಕಾಗಿಲ್ಲ. ನಮ್ಮ ಕೆಲಸ ಎರಡು ಕಡೆ ಇದೆ. ಮರಿ ಹುಟ್ಟುವ ಮೊದಲು ನೀರು ಏರುಪೇರಾಗದಂತೆ ನೋಡಿಕೊಳ್ಳಬೇಕು. ಹುಟ್ಟಿದ ಮೇಲೆ ಹೊತ್ತಿಗೆ ಸರಿಯಾಗಿ ಬೇರ್ಪಡಿಸಬೇಕು. ಬಣ್ಣ, ಬಾಲ, ತಳಿ ಎಲ್ಲ ಆಮೇಲಿನ ಮಾತು.

ಮೊದಲು ನೀರು. ಶುದ್ಧ ಎಂದುಕೊಂಡು ಆರ್‌ಓ ನೀರು ತುಂಬುವವರು ಬಹಳ. ಈ ಮೀನುಗಳಿಗೆ ಅದು ಸಲ್ಲದು. ಇವಕ್ಕೆ ಬೇಕಾದ್ದು ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಗಡಸು ನೀರು, ಪಿಎಚ್ 7ರಿಂದ 8. ನಾವು ಬೈಯುತ್ತಾ ಬಳಸುವ ಬೋರ್‌ವೆಲ್ ನೀರು ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೋಲಿಯಂತೂ ಮೆದು ನೀರಿನಲ್ಲಿ ಇದ್ದಲ್ಲೇ ನಿಂತು ಮೈ ಅಲುಗಿಸುತ್ತದೆ, ಮುಂದೆ ಹೋಗುವುದಿಲ್ಲ. ರೋಗವೆಂದು ಔಷಧ ಹಾಕುವ ಮೊದಲು ನೀರಿನ ಗಡಸುತನ ಮತ್ತು ತಾಪಮಾನ ನೋಡಿ. ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ರಾತ್ರಿಯಿಡೀ ಬಕೆಟ್‌ನಲ್ಲಿ ಗಾಳಿಗುಳ್ಳೆ ಹೊಮ್ಮಿಸುವ ಏರ್ ಕಲ್ಲು ಬಿಟ್ಟಿದ್ದು, ಬೆಳಿಗ್ಗೆ ಪಿಎಚ್ ಏರಿ ನಿಂತ ಮೇಲೆ ಟ್ಯಾಂಕಿಗೆ ಹಾಕುತ್ತೇನೆ.

ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗಿ, ಕ್ಲೋರಿನ್ ಸೇರಿಸಿಕೊಂಡು ನಗರಕ್ಕೆ ಬರುತ್ತದೆ. ಬೋರ್ ನೀರಿಗಿಂತ ಮೆದು. ಕ್ಲೋರಿನ್ ತೆಗೆಯಲು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು ಸಾಕು. 100 ಮಿ.ಲೀ. ನೀರಿಗೆ 10 ಗ್ರಾಂ ಕರಗಿಸಿ ಬಾಟಲಿಯಲ್ಲಿಡಿ. 10 ಲೀಟರ್ ನಲ್ಲಿ ನೀರಿಗೆ ಅದರಲ್ಲಿ 1 ಮಿ.ಲೀ. ಲೆಕ್ಕ. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುವ ಟ್ಯಾಂಕರ್ ನೀರಾದರೆ 2 ಮಿ.ಲೀ.

ನಿಜವಾದ ತೊಂದರೆ ಇರುವುದು ಅಪಾರ್ಟ್‌ಮೆಂಟಿನ ಸಂಪಿನಲ್ಲಿ. ಒಂದು ವಾರ ಕಾವೇರಿ, ಮರುವಾರ ಬೋರು, ನಡುವೆ ಟ್ಯಾಂಕರ್. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, 200 ಇದ್ದದ್ದು 700 ಆಗುತ್ತದೆ. ಗಪ್ಪಿ 200ರಲ್ಲೂ ಬದುಕುತ್ತದೆ, 700ರಲ್ಲೂ ಬದುಕುತ್ತದೆ, ಒಂದೇ ಗಂಟೆಯಲ್ಲಿ ಅಲ್ಲಿಂದ ಇಲ್ಲಿಗೆ ಹಾರಲಾರದು. ಬಸುರಿ ಮೀನಿಗೆ ಈ ಹೊಡೆತ ಬಿದ್ದರೆ ಅವಧಿಗೆ ಮುಂಚೆ ಮರಿ ಉದುರಿಸುತ್ತದೆ. ಅದಕ್ಕೇ ಪೆನ್ನಿನಂಥ ಟಿಡಿಎಸ್ ಮೀಟರ್ ಒಂದು ಇಟ್ಟುಕೊಳ್ಳಿ, ನೀರು ಬದಲಿಸುವ ಮೊದಲು ಟ್ಯಾಂಕಿನದ್ದನ್ನೂ ಬಕೆಟ್‌ನದ್ದನ್ನೂ ಅಳೆಯಿರಿ. ವ್ಯತ್ಯಾಸ 100 ಮೀರಿದರೆ ಅಂದು ನಾನು ಹತ್ತನೇ ಒಂದು ಭಾಗ ಮಾತ್ರ ಬದಲಿಸುತ್ತೇನೆ. ಇಲ್ಲದಿದ್ದರೆ ವಾರಕ್ಕೊಮ್ಮೆ ಕಾಲು ಭಾಗ.

ಇನ್ನೊಂದು ವಿಷಯ ಟಿಡಿಎಸ್ ಮೀಟರ್‌ಗೂ ಗೊತ್ತಾಗುವುದಿಲ್ಲ. ಹಲವು ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ನರ್ ಘಟಕ ಇರುತ್ತದೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಮೀಟರ್ 600 ತೋರಿಸಿದರೂ ಗಡಸುತನ ಹೆಚ್ಚುಕಡಿಮೆ ಸೊನ್ನೆ. ಗಡಸುತನ ಅಳೆಯುವ ಜಿಎಚ್ ಹನಿ ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಅಂಥ ಕಡೆ ಗಿಡಗಳಿಗೆ ನೀರು ಬಿಡುವ ನಲ್ಲಿ ಸಾಮಾನ್ಯವಾಗಿ ಸಾಫ್ಟ್‌ನರ್ ದಾಟಿ ಬಂದಿರುವುದಿಲ್ಲ, ವಾಚ್‌ಮನ್‌ನನ್ನೋ ಪ್ಲಂಬರನ್ನೋ ಕೇಳಿ ಖಚಿತ ಮಾಡಿಕೊಂಡು ಅಲ್ಲಿಂದಲೇ ಹಿಡಿಯಿರಿ. ಕಾವೇರಿ ನೀರೊಂದೇ ಇರುವ ಮನೆಯಲ್ಲಿ ಮೋಲಿ ಸಾಕುವುದಾದರೆ ಫಿಲ್ಟರ್ ಪಕ್ಕ ಬಲೆ ಚೀಲದಲ್ಲಿ ಒಂದು ಹಿಡಿ ಹವಳದ ಚೂರು ಕಟ್ಟಿಡಿ.

ಟ್ಯಾಂಕು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಮರಳು, ಖಾಲಿ ಜಾಗ ಕಳೆದು ನಿಲ್ಲುವ ನೀರು ಸುಮಾರು 50 ಲೀಟರ್. ಸ್ಪಂಜ್ ಫಿಲ್ಟರ್ ಬಿಟ್ಟು ಬೇರೆ ಯಾವುದನ್ನೂ ನಾನು ಒಪ್ಪುವುದಿಲ್ಲ, ಮೋಟಾರ್ ಫಿಲ್ಟರ್ ಮರಿಗಳನ್ನು ಒಳಗೆಳೆದುಕೊಳ್ಳುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೆ ಇಳಿಯುವುದು ಹೀಗೆ ತಪ್ಪುತ್ತದೆ. ಪಂಪಿಗೆ ಯುಪಿಎಸ್ ಪಾಯಿಂಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹೊಸ ಟ್ಯಾಂಕು ಪಕ್ವವಾಗಲು 4ರಿಂದ 6 ವಾರ ಬೇಕು, ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯಾಗಬೇಕು. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿನ ಹಳೆ ಸ್ಪಂಜು ತಂದು ಹಾಕಿದರೆ ಕಾಯುವ ದಿನ ಬಹಳ ಕಡಿಮೆಯಾಗುತ್ತದೆ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬಾರದು, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ.

ಬೆಂಗಳೂರಿನಲ್ಲಿ ಹೀಟರ್ ಯಾಕೆ ಎನ್ನುವವರಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಮನೆಯೊಳಗಿನ ನೀರೂ 20 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಮೀನು ಸಾಯುವುದಿಲ್ಲ, ಆದರೆ ಬಸಿರಿನ ಅವಧಿ ಉದ್ದವಾಗುತ್ತದೆ, ಮರಿ ಬೆಳೆಯುವುದಿಲ್ಲ, ಬಿಳಿ ಚುಕ್ಕಿ ರೋಗ ಹತ್ತುತ್ತದೆ. 50 ಲೀಟರ್‌ಗೆ 50 ವ್ಯಾಟ್ ಹೀಟರ್, 25 ಡಿಗ್ರಿಗೆ ಇಟ್ಟರೆ ಆಯಿತು.

ಒಂದು ಗಂಡಿಗೆ ಮೂರು ಹೆಣ್ಣು. ಗಂಡು ಹೆಚ್ಚಾದರೆ ಹೆಣ್ಣಿಗೆ ಬಿಡುವೇ ಇಲ್ಲದೆ ಸೊರಗುತ್ತದೆ. ಗಂಡಿನ ಗುರುತು ಹೊಟ್ಟೆ ಕೆಳಗಿನ ಈಜುರೆಕ್ಕೆ ಕಡ್ಡಿಯ ಹಾಗೆ ಸಪೂರವಾಗಿರುವುದು. ಹೆಣ್ಣಿನದ್ದು ಬೀಸಣಿಗೆಯಂತೆ ಅಗಲ. ಅಂಗಡಿಯಿಂದ ತಂದ ಹೆಣ್ಣು ಬಹುತೇಕ ಬಸುರಿಯೇ. ಒಮ್ಮೆ ಕೂಡಿದ ಮೇಲೆ ಗಂಡಿನ ವೀರ್ಯವನ್ನು ಒಳಗೆ ತಿಂಗಳುಗಟ್ಟಲೆ ಉಳಿಸಿಕೊಂಡು ಹಲವು ಸಲ ಮರಿ ಹಾಕುತ್ತದೆ. ಆದ್ದರಿಂದ ಅಂಗಡಿ ಹೆಣ್ಣಿಗೆ ನಿಮ್ಮ ಒಳ್ಳೆ ಗಂಡನ್ನು ಬಿಟ್ಟರೂ ಮರಿಗಳ ಅಪ್ಪ ಯಾರೆಂದು ಹೇಳುವಂತಿಲ್ಲ. ತಳಿ ಬೇಕಿದ್ದರೆ ಮನೆಯಲ್ಲೇ ಹುಟ್ಟಿ, ಗಂಡಿನ ಜೊತೆ ಸೇರದೆ ಬೆಳೆದ ಹೆಣ್ಣೇ ಆಗಬೇಕು. ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಪರಸ್ಪರ ಕೂಡುತ್ತವೆ, ಜೊತೆಗಿಟ್ಟರೆ ಎರಡೂ ಕೆಡುತ್ತವೆ.

ಗಪ್ಪಿಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ. ಮೋಲಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಹೊಟ್ಟೆ ಬರೀ ಉಬ್ಬಿದರೆ ಸಾಲದು, ಮುಂದಿನಿಂದ ನೋಡಿದಾಗ ಚೌಕಾಕಾರಕ್ಕೆ ತಿರುಗಬೇಕು, ಹಿಂಭಾಗದ ಕಪ್ಪು ಕಲೆ ಗಾಢವಾಗಬೇಕು. ಆಮೇಲೆ ಮೀನು ಮೂಲೆ ಹಿಡಿದು ತಿನ್ನುವುದು ಬಿಡುತ್ತದೆ. ಟ್ಯಾಂಕಿಗೆ ತೂಗುಹಾಕುವ ಪ್ಲಾಸ್ಟಿಕ್ ಹೆರಿಗೆ ಡಬ್ಬಿಯನ್ನು ಅಂಗಡಿಯವರು ಕೊಡುತ್ತಾರೆ, ನಾನು ಬಳಸುವುದಿಲ್ಲ. ಇಕ್ಕಟ್ಟಿಗೆ ಗಾಬರಿಬಿದ್ದ ಮೀನು ಹಳದಿ ಚೀಲ ಇನ್ನೂ ಅಂಟಿಕೊಂಡ ಮರಿಗಳನ್ನು ಹಾಕಿಬಿಡುತ್ತದೆ, ಅವು ತಳ ಸೇರಿ ಸಾಯುತ್ತವೆ. 25 ಲೀಟರಿನ ಬೇರೆ ಟ್ಯಾಂಕಿಗೆ ಅದೇ ನೀರು ತುಂಬಿ, ಅರ್ಧಕ್ಕರ್ಧ ಜಾವಾ ಮಾಸ್, ಗಪ್ಪಿ ಗ್ರಾಸ್ ಎಂಬ ನೀರುಗಿಡ ಹಾಕಿ, ಮೇಲೆ ಅಂತರಗಂಗೆ ತೇಲಿಬಿಡುತ್ತೇನೆ. ಅದರ ಜೋತ ಬೇರಿನ ನಡುವೆ ಮರಿ ಅಡಗುತ್ತದೆ. ಹೆಣ್ಣನ್ನು ಒಂದು ವಾರ ಮುಂಚೆಯೇ ಅಲ್ಲಿಗೆ ಬಿಡಬೇಕು, ಕೊನೆ ಗಳಿಗೆಯಲ್ಲಿ ಬಲೆ ಹಾಕಿ ಹಿಡಿಯಬಾರದು. ಹೊಟ್ಟೆ ತುಂಬಿದ ತಾಯಿ ಮರಿ ತಿನ್ನುವುದು ಕಡಿಮೆ, ಹಾಗಾಗಿ ಆ ವಾರ ದಿನಕ್ಕೆ ಮೂರು ಸಲ ಆಹಾರ. ಮರಿ ಹಾಕಿ ಮುಗಿದ ಮೇಲೆ ತಾಯಿಯನ್ನು ತೆಗೆಯಿರಿ. ಕೆರೆಯಿಂದ ಗಿಡ ತರಬೇಡಿ, ಅದರೊಂದಿಗೆ ಬರುವ ಏರೋಪ್ಲೇನ್ ಚಿಟ್ಟೆಯ ಮರಿಹುಳು ಮೀನಿನ ಮರಿಗಳನ್ನು ಒಂದೊಂದಾಗಿ ತಿಂದು ಮುಗಿಸುತ್ತದೆ.

ಮರಿಗಳಿಗೆ ಆಗಷ್ಟೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್, ಅಂದರೆ ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿಗಿಂತ ಒಳ್ಳೆಯ ಆಹಾರ ನಾನು ಕಂಡಿಲ್ಲ. ಒಂದು ಲೀಟರ್ ಬಾಟಲಿಗೆ 25 ಗ್ರಾಂ ಉಪ್ಪು, ಅರ್ಧ ಚಮಚ ಅದರ ಮೊಟ್ಟೆ, ತಳದವರೆಗೆ ಏರ್ ಕೊಳವೆ, ಮೇಲೊಂದು ದೀಪ. 27 ಡಿಗ್ರಿಯಲ್ಲಿ 24ರಿಂದ 36 ಗಂಟೆಗೆ ಒಡೆಯುತ್ತವೆ. ಚಳಿಗಾಲದಲ್ಲಿ ಬಾಟಲಿಯನ್ನು ಹೀಟರ್ ಇರುವ ಟ್ಯಾಂಕಿನೊಳಗೇ ನಿಲ್ಲಿಸಿ, ಹೊರಗಿಟ್ಟರೆ ಎರಡು ದಿನವಾದರೂ ಅರ್ಧ ಒಡೆದಿರುವುದಿಲ್ಲ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ, ಕಿತ್ತಳೆ ಬಣ್ಣದ ಮರಿ ಕೆಳಗೆ. ಕೊಳವೆಯಲ್ಲಿ ಕೆಳಗಿನದ್ದನ್ನು ಮಾತ್ರ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಜಾಲಾಡಿಸಿ ಕೊಡಿ. ಮೊದಲ ಎರಡು ವಾರ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಆಹಾರ, ಅದರಲ್ಲಿ ಎರಡು ಸಲ ಇದು, ಉಳಿದದ್ದು ಬೆರಳಲ್ಲಿ ನುಣ್ಣಗೆ ಉಜ್ಜಿದ ಪುಡಿ ಆಹಾರ. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಭಾಗ ಟ್ಯಾಂಕಿನ ನೀರನ್ನು ಬೇಗ ಕೊಳೆಸುತ್ತದೆ. ಜೀವಂತ ಟ್ಯುಬಿಫೆಕ್ಸ್ ಹುಳು ಚರಂಡಿ ಕೆಸರಿನಲ್ಲಿ ಬೆಳೆಯುವಂಥದ್ದು, ರೋಗ ಹೊತ್ತು ತರುತ್ತದೆ. ಮರಿ ಟ್ಯಾಂಕಿನ ತಳವನ್ನು ಸಣ್ಣ ಏರ್ ಕೊಳವೆಯಲ್ಲಿ ದಿನ ಬಿಟ್ಟು ದಿನ ಎಳೆದು, ಅಷ್ಟೇ ನೀರು ತುಂಬಿ. 25 ಲೀಟರಿನಲ್ಲಿ 100 ಮರಿ ಬೆಳೆಸಿದರೆ ಎಲ್ಲವೂ ಕುಳ್ಳಾಗೇ ಉಳಿಯುತ್ತವೆ. ಮೊದಲ ತಿಂಗಳಾದ ಮೇಲೆ ಲೀಟರಿಗೆ ಒಂದಕ್ಕಿಂತ ಹೆಚ್ಚು ಬೇಡ.

ಗಂಡು ಹೆಣ್ಣು ಮರಿಗಳನ್ನು ಬೇರ್ಪಡಿಸುವುದನ್ನು ಮೂರನೇ ವಾರಕ್ಕೆ ಶುರುಮಾಡಿ. ಗಪ್ಪಿಯ ಹೆಣ್ಣು ಮರಿಯಲ್ಲಿ ಆ ಹೊತ್ತಿಗೆ ಕಪ್ಪು ಕಲೆ ಮೂಡಿರುತ್ತದೆ, ಬಿಳಿ ಬಟ್ಟಲಿಗೆ ಹಾಕಿ ಮೇಲಿನಿಂದ ಟಾರ್ಚ್ ಬಿಟ್ಟರೆ ಕಾಣುತ್ತದೆ. ಐದು ವಾರ ದಾಟಿದರೆ ಅಣ್ಣ ತಂಗಿಯರೇ ಕೂಡಿರುತ್ತವೆ. ಬೆನ್ನು ಬಾಗಿದವನ್ನು ತಳಿಗೆ ಬಳಸಬೇಡಿ. ಒಂದೇ ಜೋಡಿಯಿಂದ ಶುರುವಾದದ್ದಾದರೂ ಎರಡು ಟ್ಯಾಂಕಿನಲ್ಲಿ ಎರಡು ಸಾಲು ಬೆಳೆಸಿಕೊಳ್ಳಿ, ಕೆಲವು ತಲೆಮಾರಿಗೊಮ್ಮೆ ಅದಲುಬದಲು ಮಾಡಿ.

ಬಿಳಿ ಚುಕ್ಕಿ ಬಂದರೆ ತಾಪಮಾನವನ್ನು ನಿಧಾನವಾಗಿ, ಒಂದು ದಿನದಲ್ಲಿ, 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಿ, ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ ಹಾಕಿ. 50 ಲೀಟರಿಗೆ 100 ಗ್ರಾಂ, ಎರಡು ಮೂರು ಕಂತಿನಲ್ಲಿ. ಗಿಡಗಳನ್ನು ಮೊದಲೇ ತೆಗೆದಿಡಿ. ಚುಕ್ಕಿ ಮಾಯವಾದ ಮೇಲೂ ಒಂದು ವಾರ ಹಾಗೇ ಬಿಡಿ. ಗುದದಿಂದ ಕೆಂಪು ದಾರದಂತೆ ಏನೋ ಇಣುಕುತ್ತಿದ್ದರೆ ಅದು ಕ್ಯಾಮಲಾನಸ್ ಹುಳು, ಉಪ್ಪಿಗೆ ಬಗ್ಗುವುದಿಲ್ಲ. ಲೆವಮಿಸೋಲ್ ಬೇಕು, ಪ್ರಮಾಣವನ್ನು ಪಶುವೈದ್ಯರಿಂದ ತಿಳಿದು ಹಾಕಿ. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲೂ ವಿಚಾರಿಸಬಹುದು. ಹುಳು ಹೊಸ ಮೀನಿನ ಜೊತೆಗೇ ಬರುವುದರಿಂದ ಶಿವಾಜಿನಗರದಿಂದ ತಂದರೂ, ಸ್ನೇಹಿತರು ಕೊಟ್ಟರೂ ಮೂರು ನಾಲ್ಕು ವಾರ ಬೇರೆ ಟ್ಯಾಂಕು, ಬೇರೆ ಬಲೆ.

ಮರಿ ಹೆಚ್ಚಾದಾಗ ಕೆರೆಗೋ ರಾಜಕಾಲುವೆಗೋ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ ಮೀನು, ಕೊಳಕು ನೀರಿನಲ್ಲೂ ಹೆಚ್ಚಿ ಇಲ್ಲಿನ ಸಣ್ಣ ಮೀನಿನ ಮೊಟ್ಟೆ ಮರಿ ತಿನ್ನುತ್ತದೆ. ಕೊಡುವುದಾದರೆ ಹಿಂದಿನ ದಿನ ಆಹಾರ ನಿಲ್ಲಿಸಿ. ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಬಸುರಿಯನ್ನು ಕಳಿಸಬೇಡಿ. ಪಡೆಯುವವರಿಗೆ ನಿಮ್ಮ ಟ್ಯಾಂಕಿನ ಟಿಡಿಎಸ್ ಎಷ್ಟೆಂದು ಚೀಲದ ಮೇಲೆ ಬರೆದುಕೊಡಿ, ಅವರ ನೀರಿಗೂ ಅದಕ್ಕೂ ಅಂತರ ಹೆಚ್ಚಿದ್ದರೆ ಒಂದು ಗಂಟೆ ಕಾಲ ಹನಿಹನಿಯಾಗಿ ನೀರು ಬೆರೆಸಿ ಬಿಡಲು ಹೇಳಿ.