ಬೂಟ್‌ಲೋಡರ್‌ನಲ್ಲಿ ಸೀರಿಯಲ್ ಪಿನ್: ನಾನು ಮಾಡುವ ಕ್ರಮ

ಬದಿಯಡ್ಕದ ಸುತ್ತಮುತ್ತ ಅಡಿಕೆ ತೋಟಗಳಿಗೆ ಪಂಪು ಕಂಟ್ರೋಲರ್ ಬೋರ್ಡು ಮಾಡಿಕೊಡುತ್ತೇನೆ. ಚಿಪ್ ಎಸ್‌ಟಿಎಂ32ಎಫ್401, ಬೂಟ್‌ಲೋಡರ್ (ಕರೆಂಟ್ ಬಂದ ಕೂಡಲೇ ಮೊದಲು ಓಡಿ, ಮುಖ್ಯ ಪ್ರೋಗ್ರಾಮ್ ಶುರು ಮಾಡುವ ಪುಟ್ಟ ಪ್ರೋಗ್ರಾಮ್) ನನ್ನದೇ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಬೋರ್ಡು ತಾನೇ ಬೂಟ್ ಆಗಿ ಪಂಪು ನಡೆಸಬೇಕು. ಮಧ್ಯದಲ್ಲಿ ನಿಂತುಬಿಟ್ಟರೆ ತೋಟಕ್ಕೆ ನೀರಿಲ್ಲ.

ಅದಕ್ಕೇ ಸೀರಿಯಲ್ ಪಿನ್‌ಗಳ, ಅಂದರೆ ಕಂಪ್ಯೂಟರ್ ಜೊತೆ ಮಾತಾಡುವ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ಪಿನ್‌ಗಳ ಬಗ್ಗೆ ನನಗೆ ಇಷ್ಟು ಕಾಳಜಿ. ತೋಟದಲ್ಲಿ ಕೇಬಲ್ ಹಾಕಿರುವುದಿಲ್ಲ, ಆರ್‌ಎಕ್ಸ್ ಪಿನ್ ಯಾವುದಕ್ಕೂ ಸೇರದೆ ಸುಮ್ನೆ ತೇಲುತ್ತಿರುತ್ತದೆ. ಪಕ್ಕದಲ್ಲೇ ಕಾಂಟ್ಯಾಕ್ಟರ್ (ಪಂಪಿನ ದೊಡ್ಡ ಸ್ವಿಚ್) ಟಪ್ ಅಂದರೆ ಸಾಕು, ಆ ನಾಯ್ಸ್‌ಗೆ ಪಿನ್ ಒಂದು ಕ್ಷಣ ಕೆಳಗಿಳಿಯುತ್ತದೆ, ಯುಎಸ್‌ಎಆರ್‌ಟಿ (ಚಿಪ್‌ನ ಸೀರಿಯಲ್ ಭಾಗ) ಅದನ್ನೇ ಸ್ಟಾರ್ಟ್ ಬಿಟ್, ಅಂದರೆ ಅಕ್ಷರ ಶುರುವಾಗುವ ಗುರುತು ಅಂದುಕೊಂಡು ಒಂದು ಬೈಟ್ ಓದುತ್ತದೆ. 'ಯಾವುದಾದರೂ ಕೀ ಒತ್ತಿ' ಅಂತ ಕಾಯುವ ಬೂಟ್‌ಲೋಡರ್ ಆದರೆ ಕಥೆ ಮುಗಿಯಿತು, ಯಾರೋ ಕೀ ಒತ್ತಿದರು ಅಂತ ಅಲ್ಲೇ ಕೂರುತ್ತದೆ. ನಾನು ಚಿಪ್‌ನ ಒಳಗಿನ ಪುಲ್‌ಅಪ್ (ಪಿನ್ ಅನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಹಾಕುತ್ತೇನೆ, ಅದು ಸುಮಾರು 40 ಕಿಲೋ ಓಮ್, ಅಷ್ಟೇನೂ ಗಟ್ಟಿಯಲ್ಲ. ಹಾಗಾಗಿ ಹೊರಗೆ 10 ಕಿಲೋ ಓಮ್‌ನದ್ದೂ ಒಂದು ಇರುತ್ತದೆ. ನಿಲ್ಲಿಸಲು ಒಂದು ಕೀ ಸಾಲದು, ಪೂರ್ತಿ ಪದ ಟೈಪ್ ಮಾಡಬೇಕು.

ಇನ್ನು ಕ್ರಮ. ಮೊದಲು ಪೋರ್ಟ್ ಎಗೆ (ನಮ್ಮ ಪಿನ್‌ಗಳಿರುವ ಗುಂಪು) ಕ್ಲಾಕ್ ಕೊಡುತ್ತೇನೆ, ಆ ರಿಜಿಸ್ಟರ್ (ಚಿಪ್‌ನ ಸೆಟ್ಟಿಂಗ್ ಬರೆಯುವ ಜಾಗ) ಒಮ್ಮೆ ತಿರುಗಿ ಓದುತ್ತೇನೆ, ಯಾಕೆಂದರೆ ಕ್ಲಾಕ್ ತಲುಪಲು ಒಂದೆರಡು ಸೈಕಲ್ ಬೇಕು. ಆಮೇಲೆ ಪಿಎ2 (ಟಿಎಕ್ಸ್), ಪಿಎ3ಕ್ಕೆ (ಆರ್‌ಎಕ್ಸ್) ಪುಲ್‌ಅಪ್, ನಂತರ ಎಎಫ್7, ಅಂದರೆ ಈ ಪಿನ್‌ಗಳನ್ನು ಯುಎಸ್‌ಎಆರ್‌ಟಿ2ಕ್ಕೆ ಜೋಡಿಸುವ ಆಯ್ಕೆ. ಯುಎಸ್‌ಎಆರ್‌ಟಿ2 ಆನ್ ಮಾಡಿ (16 ಮೆಗಾಹರ್ಟ್ಸ್ ಕ್ಲಾಕಿಗೆ, 115200 ಬಾಡ್ ವೇಗಕ್ಕೆ ಬಿಆರ್‌ಆರ್ ಅನ್ನುವ ವೇಗದ ರಿಜಿಸ್ಟರ್‌ನಲ್ಲಿ 139) ಕಟ್ಟಕಡೆಗೆ ಪಿನ್‌ನ ಮೋಡ್ ಸೀರಿಯಲ್ ಕೆಲಸಕ್ಕೆ ಬದಲಿಸುತ್ತೇನೆ. ಮೋಡ್ ಮೊದಲೇ ಬದಲಿಸಿದರೆ ಟಿಎಕ್ಸ್ ಮೇಲೆಯೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಆಚೆ ಕಡೆ ಏನಾದರೂ ಸಿಕ್ಕಿಸಿದ್ದರೆ ಅದಕ್ಕೆ ಕಸದ ಅಕ್ಷರ ಹೋಗಬಹುದು.

ಮೋಡ್ ರಿಜಿಸ್ಟರ್‌ಗೆ ಪೂರ್ತಿ ಹೊಸ ಬೆಲೆ ಬರೆಯಲೇಬೇಡಿ. ಎಸ್‌ಡಬ್ಲ್ಯುಡಿಯ (ಡಿಬಗರ್ ಜೋಡಿಸುವ ದಾರಿ) ಪಿಎ13, ಪಿಎ14 ಕೂಡ ಅದೇ ರಿಜಿಸ್ಟರ್‌ನಲ್ಲಿವೆ. ಓದಿ, ನಮ್ಮ ನಾಲ್ಕು ಬಿಟ್ ಮಾತ್ರ ತಿದ್ದಿ, ವಾಪಸ್ ಬರೆಯಬೇಕು. ಇಲ್ಲದಿದ್ದರೆ ಡಿಬಗರ್ ಕೈಕೊಡುತ್ತದೆ, ರಿಸೆಟ್ ಹಿಡಿದೇ ಕನೆಕ್ಟ್ ಮಾಡಬೇಕಾಗುತ್ತದೆ.

ಬೋರ್ಡಿಗೆ ಕರೆಂಟ್ ಇಲ್ಲದಾಗ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿಡಬೇಡಿ. ಅದರ ಟಿಎಕ್ಸ್‌ನಿಂದ ನಮ್ಮ ಪಿನ್ ಮೂಲಕ ಕರೆಂಟ್ ಒಳಗೆ ನುಗ್ಗಬಹುದು, ಚಿಪ್ ಅರ್ಧಂಬರ್ಧ ಎದ್ದಿರಬಹುದು. ಇಲ್ಲಿ ತಂತಿಯ ನಡುವೆ ಸೀರೀಸ್‌ನಲ್ಲಿ 1 ಕಿಲೋ ಓಮ್ ಹಾಕುತ್ತೇನೆ, ಆ ಕರೆಂಟ್ ಜಾಸ್ತಿ ಆಗದಂತೆ.

ಮುಖ್ಯ ಪ್ರೋಗ್ರಾಮಿಗೆ ಜಂಪ್ ಮಾಡುವ ಮುಂಚೆ ಟಿಸಿ ಫ್ಲ್ಯಾಗ್ (ಕಳಿಸಿ ಮುಗಿಯಿತು ಅನ್ನುವ ಗುರುತು) ಬರುವ ತನಕ ಕಾಯುತ್ತೇನೆ. ಅಲ್ಲಿ ಕ್ಲಾಕ್ ಬದಲಾಗುತ್ತದೆ, ಹೋಗುತ್ತಿದ್ದ ಕೊನೆಯ ಅಕ್ಷರ ಅರ್ಧದಲ್ಲೇ ಕೆಡಬಾರದು.