ಬಿದ್ದವರೆಲ್ಲ ಕಪಟಿಗಳಲ್ಲ: ನಂಬಿಕೆಯಲ್ಲಿ ನಾಟಕ ಬಿಟ್ಟು ನಡೆಯುವುದು ಹೇಗೆ

ನಾನು ಒಂದು ಚಿಕ್ಕ ಪ್ರಾರ್ಥನಾ ಕೂಟ ನಡೆಸುತ್ತೇನೆ. ಅಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಅಕ್ಕಾ, ನಾನೊಬ್ಬ ಕಪಟಿ. ಭಾನುವಾರ ಕೈ ಎತ್ತಿ ಹಾಡ್ತೀನಿ, ಸೋಮವಾರ ಮನೆಯಲ್ಲಿ ಕೂಗಾಡ್ತೀನಿ. ಇನ್ನು ಸಭೆಗೆ ಬರಲ್ಲ." ಹೀಗೆ ಹೇಳುವವರಲ್ಲಿ ಹೆಚ್ಚಿನವರು ಕಪಟಿಗಳಲ್ಲ. ಅವರು ಸೋತವರು, ದಣಿದವರು. ಸೋಲು ಬೇರೆ, ಕಪಟ ಬೇರೆ. ಈ ಎರಡನ್ನೂ ಬೇರೆ ಮಾಡಿ ನೋಡಲು ಬಾರದೆ ಎಷ್ಟೋ ಒಳ್ಳೆಯ ಜನ ನಂಬಿಕೆಯನ್ನೇ ಬಿಟ್ಟು ಹೋಗುತ್ತಾರೆ. ಅದು ನನಗೆ ತುಂಬಾ ನೋವಿನ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ನಿಮಗೆ ನೀವೇ ಕೇಳಿಕೊಳ್ಳುವ ಪ್ರಶ್ನೆಯನ್ನು ಬದಲಾಯಿಸಿ. "ಎಷ್ಟು ಸಲ ಬಿದ್ದೆ?" ಅಂತ ಲೆಕ್ಕ ಹಾಕಬೇಡಿ. "ಬಿದ್ದಮೇಲೆ ಏನು ಮಾಡಿದೆ?" ಅಂತ ಕೇಳಿ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಇಬ್ಬರು ಅರಸರಿದ್ದಾರೆ, ಸೌಲ ಮತ್ತು ದಾವೀದ. ಇಬ್ಬರೂ ಪ್ರವಾದಿಯ ಮುಂದೆ ಸಿಕ್ಕಿಬಿದ್ದರು. ಇಬ್ಬರೂ ಒಂದೇ ಮಾತು ಹೇಳಿದರು: ನಾನು ಪಾಪ ಮಾಡಿದ್ದೇನೆ. ಸೌಲನ ತಪ್ಪು ಏನು? ಅಮಾಲೇಕ್ಯರ ಯುದ್ಧದಲ್ಲಿ ಎಲ್ಲವನ್ನೂ ನಾಶಮಾಡು ಅಂತ ದೇವರು ಹೇಳಿದ್ದರೂ ಒಳ್ಳೆಯ ಕುರಿ, ದನಗಳನ್ನು ಉಳಿಸಿಕೊಂಡದ್ದು, ಆಮೇಲೆ ಅದನ್ನು ದೇವರಿಗೆ ಬಲಿ ಕೊಡಲಿಕ್ಕೆ ಅಂತ ಹೇಳಿದ್ದು. ದಾವೀದನ ತಪ್ಪು? ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಆಮೇಲೆ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ. ತಕ್ಕಡಿಯಲ್ಲಿಟ್ಟರೆ ದಾವೀದನ ತಪ್ಪೇ ಭಾರ, ಅಲ್ವಾ?

ಈಗ ಆ ಒಂದು ಮಾತಿನ ನಂತರ ಏನು ಬಂತು ನೋಡಿ. ಸೌಲ ಪ್ರವಾದಿ ಸಮುವೇಲನಿಗೆ ಹೇಳಿದ್ದು: ಪಾಪ ಮಾಡಿದ್ದೇನೆ, ಆದರೂ ನನ್ನ ಜನರ ಹಿರಿಯರ ಮುಂದೆ, ಇಸ್ರಾಯೇಲ್ಯರ ಮುಂದೆ ನನ್ನ ಮಾನ ಉಳಿಸು, ನನ್ನ ಜೊತೆ ಬಾ. ಮೊದಲನೆಯ ಸಮುವೇಲನ 15ನೇ ಅಧ್ಯಾಯದಲ್ಲಿ ಇದಿದೆ, ತೆಗೆದು ಓದಿ. ದಾವೀದ ಪ್ರವಾದಿ ನಾತಾನನ ಹತ್ತಿರ ಮಾನ ಉಳಿಸು ಅಂತ ಕೇಳಲಿಲ್ಲ. ಆ ಸಂದರ್ಭದ ಹೆಸರಿನಲ್ಲೇ ಇರುವ 51ನೇ ಕೀರ್ತನೆಯಲ್ಲಿ ಅವನು ಬೇಡುವುದು ಶುದ್ಧ ಹೃದಯವನ್ನು. ಅದೂ ಗುಟ್ಟಿನ ಬೇಡಿಕೆಯಲ್ಲ. ಎಲ್ಲರೂ ಹಾಡುವ ಹಾಡಾಗಿ ಉಳಿದಿದೆ.

ನಿಮ್ಮ ಅರಿಕೆಯನ್ನೂ ಹೀಗೇ ಪರೀಕ್ಷಿಸಿ. "ತಪ್ಪಾಯ್ತು" ಅಂದ ಮೇಲೆ ನಿಮ್ಮ ಬಾಯಿಂದ ಬರುವ ಮುಂದಿನ ವಾಕ್ಯ ಯಾವುದು? "ಯಾರಿಗೂ ಹೇಳಬೇಡ" ಅಂತಲಾ? "ನೀನು ಹಾಗೆ ಮಾತಾಡದಿದ್ದರೆ ನನಗೆ ಕೋಪ ಬರ್ತಾ ಇರಲಿಲ್ಲ" ಅಂತಲಾ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಮನೆಯಲ್ಲಿ ಮಗುವಿನ ಮೇಲೆ ಕೂಗಾಡಿದ್ದೀರಿ ಅಂದುಕೊಳ್ಳಿ. ಹತ್ತಿರ ಹೋಗಿ ಕೂತು ಹೇಳಿ: "ನಾನು ಬೆಳಿಗ್ಗೆ ನಿನ್ನನ್ನು ಎಲ್ಲರ ಮುಂದೆ ದಡ್ಡ ಅಂದೆ. ಅದು ತಪ್ಪು. ನೀನು ಏನೂ ಮಾಡಿರಲಿಲ್ಲ." ಅಷ್ಟೇ. ಕಾರಣ ಸೇರಿಸಬೇಡಿ, ಬೈಬಲ್ ವಾಕ್ಯ ಹೇಳಿ ಉಪದೇಶ ಮಾಡಬೇಡಿ, "ನಾವೆಲ್ಲ ಪಾಪಿಗಳು" ಅನ್ನಬೇಡಿ. ಮಾಡಿದ ಕೆಲಸವನ್ನು ಅದರ ಹೆಸರಿಟ್ಟು ಹೇಳುವುದು ಕಷ್ಟ. "ಕರ್ತನೇ, ನಾನು ಮಹಾಪಾಪಿ" ಅನ್ನುವುದು ಬಹಳ ಸುಲಭ, ಯಾಕೆಂದರೆ ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಎರಡನೆಯದು, ನಾಟಕ ಎಲ್ಲಿ ಬೆಳೆಯುತ್ತದೋ ಅಲ್ಲಿ ಹುಡುಕಿ. ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಮೂರು ಜಾಗ ತೋರಿಸುತ್ತಾನೆ: ದಾನ, ಪ್ರಾರ್ಥನೆ, ಉಪವಾಸ. ಮೂರೂ ಒಳ್ಳೆಯ ಕೆಲಸಗಳೇ. ಅವುಗಳನ್ನು ಬಿಡಿ ಅಂತ ಅವನು ಹೇಳಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಅಂದ.

ಇದನ್ನು ಹೀಗೆ ಅಭ್ಯಾಸ ಮಾಡಿ. ಒಂದೇ ಒಂದು ಒಳ್ಳೆಯ ಕೆಲಸವನ್ನು ಪೂರ್ತಿ ಗುಟ್ಟಾಗಿ ಇಟ್ಟುಕೊಳ್ಳಿ. ಯಾರಿಗೋ ಔಷಧಿಗೆ ದುಡ್ಡು ಕೊಟ್ಟಿರಬಹುದು, ಯಾರದೋ ಸಾಲ ಮನ್ನಾ ಮಾಡಿರಬಹುದು. ಯಾರಿಗೂ ಹೇಳಬೇಡಿ. ಸುತ್ತು ಬಳಸಿಯೂ ಹೇಳಬೇಡಿ. "ಆ ಕುಟುಂಬಕ್ಕೆ ತುಂಬಾ ಕಷ್ಟ ಇದೆ, ನಮ್ಮಿಂದ ಆದಷ್ಟು ಮಾಡಿದೀವಿ, ನೀವೂ ಪ್ರಾರ್ಥನೆ ಮಾಡಿ" ಅನ್ನುವ ದಾರಿ ಇದೆಯಲ್ಲ, ಅದನ್ನೂ ಮುಚ್ಚಿ. ಕೆಲವೇ ದಿನಗಳಲ್ಲಿ ಹೇಳಿಬಿಡಬೇಕು ಅನ್ನುವ ತುಡಿತ ಗಂಟಲಿಗೆ ಬರುತ್ತದೆ. ಬರಲಿ, ಹೆದರಬೇಡಿ. ಆ ತುಡಿತ ಎಷ್ಟು ಜೋರಾಗಿದೆ ಅಂತ ನೋಡಿಕೊಳ್ಳಿ, ದೇವರಿಗೆ ಅದನ್ನೇ ಹೇಳಿ.

ಎಲ್ಲರ ಮುಂದೆ ಪ್ರಾರ್ಥನೆ ಮಾಡುವವರಿಗೆ ಒಂದು ಮಾತು. ನಿಮ್ಮ ಪ್ರಾರ್ಥನೆಯನ್ನು ನೀವೇ ಕಿವಿಗೊಟ್ಟು ಕೇಳಿ. "ಕರ್ತನೇ, ನಮ್ಮಲ್ಲಿ ಕೆಲವರು ಕೂಟಕ್ಕೆ ತಡವಾಗಿ ಬರುತ್ತಾರೆ, ಅವರ ಹೃದಯ ಮುಟ್ಟು." ಇದನ್ನು ದೇವರಿಗೆ ಹೇಳಿದ್ದಾ, ಹಿಂದಿನ ಸಾಲಿನಲ್ಲಿ ಕೂತವರಿಗೆ ಹೇಳಿದ್ದಾ? ಲೂಕ 18ರ ಫರಿಸಾಯನೂ, ಅಂದರೆ ಧರ್ಮನಿಷ್ಠ ಅಂತ ಹೆಸರಾದವನೂ, ಇದನ್ನೇ ಮಾಡಿದ. ಅವನ ಪ್ರಾರ್ಥನೆಯಲ್ಲಿ ಪಕ್ಕದ ಸುಂಕದವನೇ ಉದಾಹರಣೆ. ಸುಂಕದವನ ಪ್ರಾರ್ಥನೆಯಲ್ಲಿ ಫರಿಸಾಯನ ಸುದ್ದಿಯೇ ಇಲ್ಲ. ದೇವರೇ, ಪಾಪಿಯಾದ ನನ್ನನ್ನು ಕರುಣಿಸು, ಅಷ್ಟೇ. ಪ್ರಾರ್ಥನೆಯಲ್ಲಿ ಜನರಿಗೆ ಹೇಳುತ್ತಿರುವ ಭಾಗ ಕಂಡರೆ ಅದನ್ನು ಅಲ್ಲಿಂದ ತೆಗೆಯಿರಿ. ಹೇಳಲೇಬೇಕಾದ ಮಾತಾದರೆ ಆ ವ್ಯಕ್ತಿಗೆ ನೇರವಾಗಿ ಹೇಳಿ.

ಸಾಕ್ಷಿ ಹೇಳುವಾಗಲೂ, ಅಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವಾಗಲೂ, ಎಚ್ಚರ ಬೇಕು. ಕುಡಿತ ಬಿಟ್ಟೆ ಅಂತ ಸಾಕ್ಷಿ ಹೇಳಿದ ಒಬ್ಬರು ಸ್ವಲ್ಪ ಕಾಲದಲ್ಲೇ ಮತ್ತೆ ಬಿದ್ದರು. ನಾಚಿಕೆಯಿಂದ ಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಅವರಿಗೆ ಎರಡು ದಾರಿಗಳು ಕಂಡಿದ್ದವು: ಏನೂ ಆಗಿಲ್ಲ ಅಂತ ನಟಿಸುವುದು, ಇಲ್ಲವೇ ಬಿಟ್ಟುಹೋಗುವುದು. ನಾನು ಮೂರನೆಯದನ್ನು ಹೇಳಿದೆ. ಸಾಕ್ಷಿಯನ್ನು ತಿದ್ದಿ ಹೇಳಿ. "ಬಿಟ್ಟಿದ್ದೆ, ಮತ್ತೆ ಕುಡಿದೆ, ಇವತ್ತು ಕುಡಿದಿಲ್ಲ, ಸಹಾಯ ಬೇಕು." ಅವರು ಬಂದು ಹಾಗೇ ಹೇಳಿದರು. ಈಗ ಅವರು ಡಾಕ್ಟರ ಹತ್ತಿರವೂ ಹೋಗುತ್ತಾರೆ. ಅದೂ ನಂಬಿಕೆಯ ಭಾಗವೇ ಅಂತ ನಾನು ಬಲವಾಗಿ ನಂಬುತ್ತೇನೆ. ನೀವು ಎಲ್ಲರ ಮುಂದೆ ಹೇಳಲೇಬೇಕು ಅಂತೇನಿಲ್ಲ. ಗುಟ್ಟು ಕಾಯುವ ಒಬ್ಬರು ಸಾಕು. ಆದರೆ ಆ ಒಬ್ಬರು ಬೇಕೇ ಬೇಕು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಅಂತ ಯಾಕೋಬನ ಪತ್ರ ಹೇಳುವುದು ಸುಮ್ನೆ ಅಲ್ಲ.

ಇಲ್ಲಿ ಒಂದು ಗಟ್ಟಿ ಗೆರೆ ಎಳೆಯಬೇಕು. "ನಾನು ಅಪೂರ್ಣ, ದೇವರು ಕ್ಷಮಿಸುತ್ತಾನೆ" ಅನ್ನುವುದನ್ನು ಬೇರೆಯವರಿಗೆ ಮಾಡಿದ ಹಾನಿ ಮುಚ್ಚಲು ಬಳಸಬೇಡಿ. ಯೇಸುವನ್ನು ಭೇಟಿಯಾದ ಸುಂಕದವ ಜಕ್ಕಾಯ ಕಣ್ಣೀರು ಹಾಕಿ ಸುಮ್ಮನಾಗಲಿಲ್ಲ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಸಭೆಯ ಹಣ ಮುಟ್ಟಿದ್ದರೆ ಲೆಕ್ಕ ಕೊಡಿ, ಹಣ ತುಂಬಿ, ಆ ಜವಾಬ್ದಾರಿಯಿಂದ ಇಳಿಯಿರಿ. ಮಗುವಿಗೋ ಹೆಂಗಸಿಗೋ ದೌರ್ಜನ್ಯ ಆಗಿದ್ದರೆ ಅದು ಪ್ರಾರ್ಥನೆಯಲ್ಲಿ ಮುಗಿಸುವ ವಿಷಯವೇ ಅಲ್ಲ, ಪೊಲೀಸರಿಗೆ ಹೋಗಬೇಕು. ಸಭೆಯ ಹೆಸರು ಕೆಡುತ್ತದೆ ಅಂತ ಮುಚ್ಚಿಡುವುದು ಸೌಲ ಕೇಳಿದ್ದನ್ನೇ ಕೇಳಿದಂತೆ.

ಇನ್ನು, ಬದಲಾವಣೆ ನಿಧಾನವಾದರೆ? ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದ. ಆ ದಿನವನ್ನು ಬದುಕಿಡೀ ನೆನೆಯುತ್ತಿದ್ದ. ಆದರೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ದುಡಿದ, ಕ್ಯಾಪ್ಟನ್ ಆಗಿಯೂ ಇದ್ದ. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ವಿರುದ್ಧ ಅವನು ಪುಸ್ತಿಕೆ ಬರೆದದ್ದು 1788ರಲ್ಲಿ. ಅದರಲ್ಲಿ ತನ್ನ ಪಾಲನ್ನೂ ನಾಚಿಕೆಯಿಂದ ಒಪ್ಪಿಕೊಂಡ. ಈ ಕಥೆಯಿಂದ ಧೈರ್ಯ ಪಡೆಯುವವರು ಇನ್ನೊಂದನ್ನೂ ನೆನಪಿಡಬೇಕು: ಅವನ ಮನಸ್ಸು ಮಾಗಲು ತೆಗೆದುಕೊಂಡ ಅಷ್ಟು ವರ್ಷಗಳ ಬೆಲೆಯನ್ನು ತೆತ್ತದ್ದು ಹಡಗಿನ ತಳದಲ್ಲಿ ಸರಪಳಿಯಲ್ಲಿದ್ದ ಜನ. ದೇವರು ತಾಳ್ಮೆ ತೋರುತ್ತಾನೆ ಅಂತ ನಾವು ನಿಧಾನ ಮಾಡಬಾರದು. ಇವತ್ತು ಕಂಡದ್ದನ್ನು ಇವತ್ತೇ ಮಾಡಿ.

ಸಂಶಯ ಇರುವವರು ಬೇರೆ ರೀತಿ ಹೆದರುತ್ತಾರೆ. ಪೂರ್ತಿ ನಂಬಿಕೆ ಇಲ್ಲದೆ ಹಾಡುವುದು ಕಪಟವಲ್ಲವೇ ಅಂತ. ಅಲ್ಲ. ಮಾರ್ಕ 9ರಲ್ಲಿ ಮಗನನ್ನು ಕರೆತಂದ ತಂದೆ ನಂಬುತ್ತೇನೆ ಅಂದ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ಸಹಾಯ ಕೇಳಿದ. ಯೇಸು ಆ ಹುಡುಗನನ್ನು ವಾಸಿಮಾಡಿದ. ಇದೇ ಪ್ರಾರ್ಥನೆಯನ್ನು ನೀವೂ ಮಾಡಿ.

ಕೊನೆಗೆ, ಬೇರೆಯವರ ಕಪಟ ಕಂಡಾಗ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟ ಮಾಡುತ್ತಿದ್ದ. ಅಂಥ ಊಟವನ್ನು ಒಪ್ಪದವರು, ಯೆರೂಸಲೇಮ್ ಸಭೆಯ ನಾಯಕ ಯಾಕೋಬನ ಕಡೆಯವರು, ಬಂದಾಗ ಹೆದರಿ ಹಿಂದೆ ಸರಿದ. ಪೌಲನ ಜೊತೆಗಾರ ಬರ್ನಬನೂ ಅದಕ್ಕೆ ಸಿಕ್ಕಿಬಿದ್ದ. ಪೌಲ ಅದನ್ನು ಕಪಟ ಅಂತಲೇ ಕರೆದ, ಮುಖಾಮುಖಿ ಎದುರಿಸಿದ. ಪೇತ್ರನಂಥವನೂ ಒಂದು ದಿನ ಹಾಗೆ ಮಾಡಬಹುದು ಅಂತ ತಿಳಿದೇ ನೀವೂ ಮಾತಾಡಿ. ಮೊದಲು ನಿಮ್ಮ ಕಣ್ಣಿನ ತೊಲೆ ತೆಗೆದುಕೊಳ್ಳಿ. ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ಸ್ಪಷ್ಟವಾಗಿ ಕಾಣುತ್ತದೆ ಅಂತ ಯೇಸುವೇ ಹೇಳಿದ್ದಾನೆ, ಅಂದರೆ ಬಾಯಿ ಮುಚ್ಚಿಕೊಂಡಿರಿ ಅಂತ ಅಲ್ಲ. ಬೆನ್ನ ಹಿಂದೆ ಮಾತಾಡದೆ ಒಬ್ಬರೇ ಹೋಗಿ ಹೇಳಿ. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಅದಕ್ಕೂ ಒಪ್ಪದಿದ್ದರೆ ಸಭೆಗೆ ತಿಳಿಸಿ. ಮತ್ತಾಯ 18ರ ಕ್ರಮ ಇದು. ಅವರು ತಪ್ಪು ಒಪ್ಪಿಕೊಂಡರೆ ಆ ವಿಷಯವನ್ನು ಆಮೇಲೆ ಬೇರೆಲ್ಲೂ ಎತ್ತಬೇಡಿ.